ಅನ್ಯೂರಿನ್ ಬೆವನ್

ಅನ್ಯೂರಿನ್ ಬೆವನ್ (ನವೆಂಬರ್ 15, 1897 – ಜುಲೈ 6, 1960) ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರು. 1945ರಿಂದ 1951ರವರೆಗೆ ಆರೋಗ್ಯ ಸಚಿವರಾಗಿದ್ದ ಇವರು ಆ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯ ಸ್ಥಾಪಕರೆಂದು ಪ್ರಸಿದ್ಧರು.

ಜನನ ಮತ್ತು ಬಾಲ್ಯ

ಬೆವನ್ ವೇಲ್ಸ್‌ನ ಟ್ರೆಡಿಗರ್ ಪಟ್ಟಣದ ಗಣಿ ಕಾರ್ಮಿಕರ ಕುಟುಂಬದಲ್ಲಿ ಜನಿಸಿದರು. 13ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಸೇರಿದರು. ಗಣಿಯ ಧೂಳಿನಿಂದ ಶ್ವಾಸಕೋಶದ ಕಾಯಿಲೆಗೆ ತುತ್ತಾದ ಇವರ ತಂದೆ 1925ರಲ್ಲಿ ನಿಧನರಾದರು. ಟ್ರೆಡಿಗರ್‌ನಲ್ಲಿ ಕಾರ್ಮಿಕರು ಕೂಲಿಯ ಒಂದು ಭಾಗವನ್ನು ವೈದ್ಯಕೀಯ ನೆರವು ಸಂಘಕ್ಕೆ ಕೊಟ್ಟು ಕುಟುಂಬಕ್ಕೆ ಚಿಕಿತ್ಸೆ ಪಡೆಯುತ್ತಿದ್ದರು. ಈ ಪದ್ಧತಿ ಬೆವನ್ನರ ಮುಂದಿನ ಯೋಜನೆಗೆ ಮಾದರಿಯಾಯಿತು.

ಆರೋಗ್ಯ ಸೇವೆಯ ಸ್ಥಾಪನೆ

ಬೆವನ್ 1929ರಲ್ಲಿ ಎಬ್ಬು ವೇಲ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. ಇವರು ಸಚಿವರಾಗಿದ್ದಾಗ 1946ರಲ್ಲಿ ಆರೋಗ್ಯ ಸೇವೆಯ ಕಾಯಿದೆ ಅಂಗೀಕಾರವಾಯಿತು. ಸರಕಾರಿ ಸಂಬಳದ ನೌಕರರಾಗಬೇಕಾದೀತೆಂಬ ಭಯದಿಂದ ಬಹುಪಾಲು ವೈದ್ಯರು ಇದನ್ನು ವಿರೋಧಿಸಿದರು. ತಜ್ಞ ವೈದ್ಯರಿಗೆ ಆಸ್ಪತ್ರೆಯ ವೇತನದೊಂದಿಗೆ ಖಾಸಗಿ ವೃತ್ತಿಗೂ ಅವಕಾಶ ನೀಡಲಾಯಿತು. ಕುಟುಂಬ ವೈದ್ಯರು ಸ್ವತಂತ್ರ ಗುತ್ತಿಗೆದಾರರಾಗಿ ಉಳಿದರು. ನೋಂದಾಯಿತ ರೋಗಿಗಳ ಸಂಖ್ಯೆಗೆ ಅನುಗುಣವಾಗಿ ಅವರಿಗೆ ಹಣ ಸಲ್ಲುತ್ತಿತ್ತು. 1948ರ ಜುಲೈ 5ರಂದು ಸೇವೆ ಆರಂಭವಾಯಿತು.

ಕುಟುಂಬ ವೈದ್ಯರು ಮತ್ತು ತಜ್ಞರು

ಈ ಒಪ್ಪಂದದಿಂದ ಸೇವೆ ಜಾರಿಗೆ ಬಂದಿತಾದರೂ ಕುಟುಂಬ ವೈದ್ಯರ ಮತ್ತು ಆಸ್ಪತ್ರೆಗಳ ಆಡಳಿತ ಬೇರೆಬೇರೆಯಾಗಿಯೇ ಉಳಿಯಿತು. ತಜ್ಞರನ್ನು ಕಾಣಲು ರೋಗಿಗೆ ಸಾಮಾನ್ಯವಾಗಿ ಕುಟುಂಬ ವೈದ್ಯರ ಶಿಫಾರಸು ಬೇಕಾಗಿತ್ತು. ರೋಗಿಯು ಆಸ್ಪತ್ರೆಗೆ ಹೋಗಲಾರದಿದ್ದರೆ, ಕುಟುಂಬ ವೈದ್ಯರ ಕೋರಿಕೆಯ ಮೇರೆಗೆ ತಜ್ಞರು ಮನೆಗೆ ಬಂದು ಸಲಹೆ ನೀಡುವ ವ್ಯವಸ್ಥೆಯೂ ಇತ್ತು. ಅದರ ಶುಲ್ಕ ಸಲಹೆ ನೀಡಿದ ತಜ್ಞರಿಗೆ ಸಲ್ಲುತ್ತಿತ್ತೇ ಹೊರತು ಸಲಹೆ ಕೇಳಿದ ಕುಟುಂಬ ವೈದ್ಯರಿಗಲ್ಲ. ಬಹುಕಾಲದ ನಂತರ, 2025–26ರಲ್ಲಿ, ಇಂಗ್ಲೆಂಡ್‌ನಲ್ಲಿ ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವ ಮುನ್ನ ತಜ್ಞರ ಸಲಹೆ ಕೇಳುವ ಕುಟುಂಬ ವೈದ್ಯರ ಚಿಕಿತ್ಸಾಲಯಕ್ಕೆ ಪ್ರತಿ ಕೋರಿಕೆಗೆ 20 ಪೌಂಡ್ ನೀಡುವ ಯೋಜನೆ ಜಾರಿಯಲ್ಲಿತ್ತು. ಆಸ್ಪತ್ರೆಗಳ ಕಾಯುವ ಪಟ್ಟಿಯನ್ನು ಕಡಿಮೆ ಮಾಡುವುದು ಇದರ ಉದ್ದೇಶವಾಗಿತ್ತು.

ಕೊನೆಯ ವರ್ಷಗಳು

ಕನ್ನಡಕ ಮತ್ತು ಕೃತಕ ದಂತಗಳಿಗೆ ಶುಲ್ಕ ವಿಧಿಸುವ ನಿರ್ಧಾರವನ್ನು ವಿರೋಧಿಸಿ ಬೆವನ್ 1951ರ ಏಪ್ರಿಲ್‌ನಲ್ಲಿ ಸಚಿವ ಸಂಪುಟಕ್ಕೆ ರಾಜೀನಾಮೆ ನೀಡಿದರು. 1959ರಲ್ಲಿ ಲೇಬರ್ ಪಕ್ಷದ ಉಪನಾಯಕರಾದರು. ಮರುವರ್ಷ ಕ್ಯಾನ್ಸರ್‌ನಿಂದ ನಿಧನರಾದರು. ಇವರ ಪತ್ನಿ ಜೆನ್ನಿ ಲೀ ಕೂಡ ಸಂಸತ್ ಸದಸ್ಯೆಯಾಗಿದ್ದರು.