ಎಂಟು ವರ್ಷ ಖಾಲಿಯಾಗಿದ್ದ ರಮಾಬಾಯಿ

ದೇವರು ನನ್ನನ್ನು ಪ್ರೀತಿಸ್ತಾರೆ ಅಂತ ಹೇಗೆ ಗೊತ್ತಾಗಬೇಕು ಪಾಸ್ಟರ್ ಅಂತ ಮಾದನಾಯಕನಹಳ್ಳಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬರೋ ಯೌವನಸ್ಥರು ನನ್ನನ್ನು ಕೇಳ್ತಿರ್ತಾರೆ. ಅವರಿಗೆ ನಾನು ಪಂಡಿತಾ ರಮಾಬಾಯಿಯವರ ವಿಷಯ ಹೇಳ್ತೇನೆ. ಮಹಾರಾಷ್ಟ್ರದವರು ಅಂದ್ಕೋಬೇಡಿ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು.

1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. 1880ರಲ್ಲಿ ಅಣ್ಣ. 1882ರಲ್ಲಿ ಗಂಡ, ಕಾಲರಾದಿಂದ. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಇಂಥವರಿಗೆ ನಿಮ್ಮ ಪರಿಸ್ಥಿತಿ ನೋಡಿ ದೇವರ ಪ್ರೀತಿ ತಿಳ್ಕೊಳ್ಳಿ ಅನ್ನೋಕಾಗುತ್ತಾ?

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತಗೊಂಡರು. ಗಮನಿಸಿ, ಆಮೇಲೂ ಒಳಗೆ ಸಮಾಧಾನ ಇಲ್ಲ. ಸತ್ಯವೇದ ಓದ್ತಿದ್ದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಆದರೂ ಖಾಲಿ. ಸುಮಾರು ಎಂಟು ವರ್ಷ ಹೀಗೇ! ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಕೈಗೆ ಬಂತು. ಆತ ಪ್ರಸಂಗ ಮಾಡ್ತಾ ಮಾಡ್ತಾ ತಾನೇ ಮಾನಸಾಂತರ ಹೊಂದಿದವರು (ನನ್ನಂಥವರಿಗೆ ಸ್ವಲ್ಪ ಹೆದರಿಕೆಯ ಮಾತು). ಆಗ ರಮಾಬಾಯಿಗೆ ಹೊಳೀತು: ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ. ಯೋಗ್ಯತೆ, ಸೇವೆ ಎಲ್ಲ ಬದಿಗಿಟ್ಟು, ಬರೀ ಪಾಪಿಯಾಗಿ ಕ್ರೂಜೆಯ ಹತ್ತಿರ ಬಂದರು. ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ದೇವರ ಪ್ರೀತಿಗೆ ತೋರಿಸೋ ಸಾಕ್ಷಿಯೂ ಅದೇ ಕ್ರೂಜೆ.

ಆಮೇಲೆ 1896-97ರ ಬರ ಬಂದಾಗ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನ ಮುಕ್ತಿಯಲ್ಲಿ ಸಾಕಿದರು. 1905ರ ಉಜ್ಜೀವನ ಅಲ್ಲೇ.

1921ರಲ್ಲಿ ಮನೋರಮಾ ಕೂಡ ಹೋದರು. ಉಳಿದಿದ್ದ ಒಬ್ಬಳೇ ಮಗಳು. ತಾಯಿ ತಮ್ಮ ಮರಾಠಿ ಸತ್ಯವೇದದ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು.