ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಹಸಿದವನಿಗೆ ಅನ್ನವನ್ನಿಕ್ಕುವುದು ಪುಣ್ಯಕಾರ್ಯ. ಆದರೆ ಇಂದು ಉಂಡವನಿಗೆ ನಾಳೆ ಮತ್ತೆ ಹಸಿವಾಗುತ್ತದೆ. ತನ್ನ ಅನ್ನವನ್ನು ತಾನೇ ಗಳಿಸಿಕೊಳ್ಳುವ ವಿದ್ಯೆಯನ್ನು ಅವನಿಗೆ ಕಲಿಸಿದರೆ ಹಸಿವಿನೊಡನೆ ಅವನ ದೈನ್ಯವೂ ಅಳಿಯುತ್ತದೆ. ಅಂಧರಿಗೂ ಅನಾಥರಿಗೂ ಇಂತಹ ವಿದ್ಯಾದಾನವನ್ನು ಮಾಡಿ, ಅದಕ್ಕಾಗಿ ಬಾಳನ್ನೇ ತೇಯ್ದ ಮಹಾನುಭಾವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರು ಸ್ವತಃ ಹುಟ್ಟು ಕುರುಡರು.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಅವರ ಜನನವಾಯಿತು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಸೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡ ಮನೆತನದಲ್ಲಿ ಕಣ್ಣಿಲ್ಲದ ಎರಡು ಮಕ್ಕಳು! ಅಂದಿನ ಹಳ್ಳಿಗಳಲ್ಲಿ ಇಂತಹ ಮಕ್ಕಳಿಗೆ ಶಾಲೆಯಿರಲಿಲ್ಲ. ಅವರು ಕಲಿಯಬಲ್ಲರೆಂಬ ನಂಬಿಕೆಯೂ ಜನರಲ್ಲಿರಲಿಲ್ಲ. ಭಿಕ್ಷೆಯೇ ಅವರ ಪಾಲಿಗೆ ಉಳಿದ ದಾರಿ ಎಂದು ಎಲ್ಲರೂ ತಿಳಿದಿದ್ದರು. ಆದರೆ ಈ ಸೋದರರಿಗೆ ಇಂಪಾದ ಕಂಠವಿತ್ತು, ಕೇಳಿದುದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವ ಶಕ್ತಿಯಿತ್ತು.

ಆ ಶಕ್ತಿಯನ್ನು ಗುರುತಿಸಿದವರು ಹಾನಗಲ್ಲಿನ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ದೂರದರ್ಶಿಗಳು ಅವರು. ಮಕ್ಕಳನ್ನು ಕಂಡು ಮರುಗಿ ಕಾಣಿಕೆ ಕೊಟ್ಟು ಹೋಗಿದ್ದರೆ ಅದು ಒಂದು ದಿನದ ದಯೆಯಾಗುತ್ತಿತ್ತು. ಕುಮಾರಸ್ವಾಮಿಗಳು ಅವರ ಸಂಗೀತ ಶಿಕ್ಷಣದ ಹೊಣೆಯನ್ನೇ ಹೊತ್ತರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅನಂತರ ಗ್ವಾಲಿಯರ್ ಪರಂಪರೆಯ ವಿದ್ವಾಂಸರಾದ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತರು. ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಪಡೆದು ಪಂಚಾಕ್ಷರಿ ಗವಾಯಿಗಳೆಂದು ನಾಡಿನಲ್ಲೆಲ್ಲ ಹೆಸರಾದರು.

ಇಷ್ಟು ವಿದ್ಯೆ ಕೈವಶವಾದ ಮೇಲೆ ಕೀರ್ತಿ, ಸಂಪತ್ತು, ನೆಮ್ಮದಿಯ ಬದುಕು ಅವರಿಗೆ ದುರ್ಲಭವಾಗಿರಲಿಲ್ಲ. ಗವಾಯಿಗಳು ಆ ದಾರಿಯನ್ನು ತುಳಿಯಲಿಲ್ಲ. ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಕಣ್ಣಿಲ್ಲದವರನ್ನೂ ದಿಕ್ಕಿಲ್ಲದವರನ್ನೂ ಜಾತಿಮತಗಳ ಭೇದವೆಣಿಸದೆ ಹತ್ತಿರಕ್ಕೆ ಸೇರಿಸಿಕೊಂಡರು. ಅವರ ಪಾಠಶಾಲೆಗೆ ಬಹುಕಾಲ ಸ್ವಂತ ಸೂರಿರಲಿಲ್ಲ. ಶಿಷ್ಯರ ಪರಿವಾರದೊಡನೆ ಗವಾಯಿಗಳು ಉತ್ತರ ಕರ್ನಾಟಕದ ಊರೂರು ಸಂಚರಿಸುತ್ತಿದ್ದರು. ತಂಗಿದ ಊರೇ ಶಾಲೆ. ಹಗಲೆಲ್ಲ ಪಾಠ, ಇರುಳು ಕಛೇರಿ ಅಥವಾ ಕೀರ್ತನ. ಭಕ್ತರು ನೀಡಿದ ದವಸಧಾನ್ಯಗಳಿಂದ ಎಲ್ಲರ ಊಟ.

ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಸಂಗೀತ ಕಲಿಸುವುದು ಸುಲಭವಲ್ಲ. ಅಲ್ಲಿ ಹೊತ್ತಗೆಯ ಆಸರೆಯಿಲ್ಲ, ಕೈಸನ್ನೆಯ ನೆರವಿಲ್ಲ. ಗುರು ಹಾಡಿದುದನ್ನು ಶಿಷ್ಯನು ಕಿವಿಯಿಂದಲೇ ಹಿಡಿಯಬೇಕು; ತಪ್ಪಿದರೆ ಮತ್ತೆ ಹಾಡಬೇಕು. ವಾದ್ಯದ ಸ್ವರಸ್ಥಾನಗಳನ್ನು ಬೆರಳುಗಳೇ ಗುರುತಿಸಬೇಕು. ಇದಕ್ಕೆ ಎಣೆಯಿಲ್ಲದ ತಾಳ್ಮೆ ಬೇಕು. ಈ ಸಾಧನೆಯಲ್ಲಿ ಪಳಗಿದ ಬಾಲಕನು ಜನರ ಮುಂದೆ ಹಾಡಲು ಕುಳಿತಾಗ ಅವನು ಮರುಕಕ್ಕೆ ಪಾತ್ರನಾದ ಅಂಧನಾಗಿ ತೋರುತ್ತಿರಲಿಲ್ಲ. ಗೌರವಕ್ಕೆ ಅರ್ಹನಾದ ಕಲಾವಿದನಾಗಿ ತೋರುತ್ತಿದ್ದನು. ಆ ಹಾಡನ್ನು ಕೇಳಿದ ತಂದೆತಾಯಿಗಳಿಗೆ ಮನೆಯಲ್ಲಿರುವ ತಮ್ಮ ಕಣ್ಣಿಲ್ಲದ ಕೂಸಿಗೂ ಬಾಳುಂಟೆಂಬ ಭರವಸೆ ಮೂಡುತ್ತಿತ್ತು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬಾಲ್ಯದಿಂದ ಬೆನ್ನಿಗಿದ್ದ ಆಸರೆ ಕಳಚಿತು. ಕಷ್ಟಗಳು ಬಂದರೂ ಗವಾಯಿಗಳು ಶಿಷ್ಯರ ಕೈ ಬಿಡಲಿಲ್ಲ, ಪಾಠವನ್ನು ನಿಲ್ಲಿಸಲಿಲ್ಲ. ತಂದೆಯನ್ನು ಕಳೆದುಕೊಂಡು ಅವರ ಆಶ್ರಯಕ್ಕೆ ಬಂದವರಲ್ಲಿ ಧಾರವಾಡ ಜಿಲ್ಲೆಯ ಯಲಿವಾಳದ ಬಾಲಕ ಬಸವರಾಜ ರಾಜಗುರು ಒಬ್ಬನು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಈ ತರುಣನ ಹಾಡುಗಾರಿಕೆ ಏರ್ಪಟ್ಟಾಗ ಗವಾಯಿಗಳು ಸ್ವತಃ ತಬಲಾ ನುಡಿಸಿದರು. ನಾಡಿನ ಹಿರಿಯ ಗಾಯಕರೊಬ್ಬರು ಶಿಷ್ಯನ ಪಕ್ಕವಾದ್ಯಗಾರರಾಗಿ ಕುಳಿತುದು ಅಪೂರ್ವ ಸಂಗತಿ. ಶಿಷ್ಯನ ಬೆಳಕನ್ನು ಮುಂದೆ ಮಾಡಿ ತಾವು ಹಿಂದೆ ನಿಲ್ಲುವ ಹಿರಿತನ ಅವರದು. ಆ ತರುಣನು ಮುಂದೆ ಭಾರತದ ಶ್ರೇಷ್ಠ ಗಾಯಕರಲ್ಲಿ ಒಬ್ಬನೆನಿಸಿದನು.

ಅಲೆದಾಡುತ್ತಿದ್ದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪ ಎಂಬ ಉದಾರಿಗಳು ನೆರವಿಗೆ ನಿಂತರು. ವೀರೇಶ್ವರ ಪುಣ್ಯಾಶ್ರಮವು 1942ರ ಸುಮಾರಿಗೆ ಅಲ್ಲಿ ಸ್ಥಿರವಾಗಿ ನೆಲೆಗೊಂಡಿತು. ಆದರೆ ಆ ನೆರಳಿನ ಸುಖವನ್ನು ಗವಾಯಿಗಳು ಬಹುಕಾಲ ಅನುಭವಿಸಲಿಲ್ಲ. 1944ರ ಜೂನ್ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೆರಡು ವರ್ಷ.

ಗುರುವಿನ ಹೊಣೆಯನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡು ಗುರುವಿನ ಆಶ್ರಯಕ್ಕೆ ಬಂದಿದ್ದ ಅವರು ಹಲವು ವಾದ್ಯಗಳಲ್ಲಿ ನಿಪುಣರಾಗಿ, ಕವಿಗಳೂ ನಾಟಕಕಾರರೂ ಆಗಿ ಬೆಳೆದಿದ್ದರು. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕಗಳನ್ನು ಬರೆದು, ನಾಟಕ ಮಂಡಳಿಯನ್ನು ನಡೆಸಿದರು. ರಂಗಭೂಮಿಯ ಗಳಿಕೆ ಆಶ್ರಮದ ಅಡುಗೆಮನೆಯನ್ನು ಸೇರಿತು. 2010ರಲ್ಲಿ ಅವರು ಕಾಲವಾಗುವವರೆಗೂ ಈ ಸೇವೆ ಎಡೆಬಿಡದೆ ಸಾಗಿತು. ಆಶ್ರಮದಲ್ಲಿ ಕಲಿತ ಅನೇಕರು ಗಾಯಕರಾಗಿ, ವಾದಕರಾಗಿ, ಸಂಗೀತ ಶಿಕ್ಷಕರಾಗಿ ತಮ್ಮ ಕಾಲ ಮೇಲೆ ತಾವು ನಿಂತರು.

ಪಂಚಾಕ್ಷರಿ ಗವಾಯಿಗಳು ಬೆಳಕನ್ನು ಕಾಣಲಿಲ್ಲ. ಆದರೆ ಅನೇಕರ ಬಾಳಿಗೆ ಬೆಳಕಾದರು. ತಮಗೊದಗಿದ ಕೊರತೆಯನ್ನು ನೆನೆದು ಅವರು ಕೊರಗಲಿಲ್ಲ. ತಮ್ಮಲ್ಲಿದ್ದ ಒಂದು ವಿದ್ಯೆಯನ್ನು ಇಲ್ಲದವರೊಡನೆ ಹಂಚಿಕೊಂಡರು. ಒಬ್ಬ ಗುರು ಕುರುಡು ಬಾಲಕನೊಬ್ಬನ ಕಂಠವನ್ನು ಗುರುತಿಸಿದುದರಿಂದ ಹೊತ್ತಿದ ಆ ದೀಪ ಇನ್ನೂ ದೀಪಗಳನ್ನು ಹೊತ್ತಿಸುತ್ತಲೇ ಇದೆ.