ಹುಲಿಯ ಊಟದ ಲೆಕ್ಕ ತಿಳಿದಿದ್ದ ಸ್ಯಾಂಡರ್ಸನ್

ರಾತ್ರಿ ರೊಪ್ಪಕ್ಕೆ ಚಿರತೆ ನುಗ್ಗಿ ಎರಡು ಕುರಿ ಹೊತ್ತೊಯ್ದರೆ ಸಣ್ಣ ರೈತನಿಗೆ ಆಗುವ ನಷ್ಟ ಕಡಿಮೆಯದಲ್ಲ. ಬೆಳಿಗ್ಗೆ ಸಿಟ್ಟಿನಲ್ಲಿ, ಉಳಿದ ಮಾಂಸಕ್ಕೆ ವಿಷ ಬೆರೆಸಿಡೋಣವೆಂಬ ಮಾತೂ ಬರುತ್ತದೆ. ನಮ್ಮ ನರಸಾಪುರ ಹೋಬಳಿಯ ರೈತ ಬಾಂಧವರು ಆ ಕೆಲಸಕ್ಕೆ ಕೈಹಾಕುವ ಮೊದಲು, ನೂರೈವತ್ತು ವರ್ಷಗಳ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಬೇಟೆ ಪ್ರಾಣಿಗಳ ಸ್ವಭಾವವನ್ನು ಕಣ್ಣಾರೆ ಕಂಡು ಬರೆದ ಒಬ್ಬ ಕಾಲುವೆ ಅಧಿಕಾರಿಯ ಬದುಕನ್ನು ತಿಳಿಯುವುದು ಒಳ್ಳೆಯದು.

ಅವರ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿಯೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ರೀವ್ ರಚಿಸಿದ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು. ಮಗ ಇಂಗ್ಲೆಂಡಿನಲ್ಲಿ ಓದಿ 1864ರಲ್ಲಿ ಹಿಂದಿರುಗಿದರು. ಕಾಫಿ ತೋಟದ ಆಸೆ ಕೈಗೂಡಲಿಲ್ಲ. ಕನ್ನಡ ಕಲಿತು ಮೈಸೂರಿನ ನೀರಾವರಿ ಕೆಲಸಕ್ಕೆ ಸೇರಿದರು. ಕಾಲುವೆಗಳ ಮೇಲುಸ್ತುವಾರಿಗಾಗಿ ಕಾಡಂಚಿನ ಹಳ್ಳಿಗಳನ್ನೆಲ್ಲ ಸುತ್ತಬೇಕಾಯಿತು. ಭಾಷೆ ಬರುತ್ತಿದ್ದುದರಿಂದ ದನ ಕಾಯುವವರ, ಬೇಟೆಗಾರರ ಅನುಭವವನ್ನು ಅವರ ಬಾಯಿಂದಲೇ ಕೇಳಿ ತಿಳಿದರು.

ಆನೆ ಹಿಡಿಯುವ ಖೆಡ್ಡಾದಿಂದ ಅವರಿಗೆ ಹೆಸರು ಬಂತು. ಕಾಕನಕೋಟೆಯಲ್ಲಿ ಹೈದರಾಲಿಯ ಕಾಲದಲ್ಲಿ ಸೋತಿದ್ದ ಪ್ರಯತ್ನವನ್ನು 1873ರಲ್ಲಿ ಮತ್ತೆ ಕೈಗೊಂಡು ಅವರೂ ಸೋತರು. ಎದೆಗುಂದದೆ 1874ರಲ್ಲಿ ಚಾಮರಾಜನಗರದ ಬಳಿ ಗೆದ್ದರು. ಮುಂದೆ ಬಂಗಾಳ ಸರ್ಕಾರವೂ ಅವರನ್ನು ಆನೆ ಹಿಡಿಯಲು ಕರೆಸಿಕೊಂಡಿತು. 1878ರಲ್ಲಿ, ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ಕುರಿತ ಅವರ ಗ್ರಂಥ ಹೊರಬಂತು.

ಆ ಗ್ರಂಥದಲ್ಲಿ ಹುಲಿಗಳನ್ನು ಊಟದ ಮೇಲೆ ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಕಾಡಿನ ಬೇಟೆಯನ್ನೇ ನಂಬಿದ ಹುಲಿ ಹಗುರ ಮೈಯ, ಚುರುಕಿನ ಪ್ರಾಣಿ; ಜಿಂಕೆ, ಕಾಡುಹಂದಿ ಅದರ ಆಹಾರ. ದನ ಹಿಡಿಯುವ ಹುಲಿ ಸಾಮಾನ್ಯವಾಗಿ ವಯಸ್ಸಾದ, ಕೊಬ್ಬಿದ ಪ್ರಾಣಿ. ಓಡಿ ಹಿಡಿಯುವ ಶ್ರಮಕ್ಕಿಂತ ಹಳ್ಳಿ ದನ ಅದಕ್ಕೆ ಸುಲಭ. ಮೂರನೆಯದು ನರಭಕ್ಷಕ. ಅದು ಅಪರೂಪ, ಗಾಯ ಮೊದಲಾದ ಕಾರಣಗಳಿಂದ ಆ ದಾರಿ ಹಿಡಿಯುತ್ತದೆ. ಅವರೇ ಹುಲಿ ಬೇಟೆಗಾರರಾಗಿದ್ದರೂ ಹುಲಿಕುಲವನ್ನೇ ನಾಶಮಾಡುವುದನ್ನು ಒಪ್ಪಲಿಲ್ಲ. ಪೈರು ಮೇಯುವ ಜಿಂಕೆ, ಹಂದಿಗಳನ್ನು ಹದ್ದಿನಲ್ಲಿಡುವ ಹುಲಿಯಿಂದ ರೈತನಿಗೆ ಉಪಕಾರವೂ ಇದೆಯೆಂಬುದು ಅವರ ವಾದ. ಬಹುಮಾನ ಕೊಟ್ಟು ಹುಲಿ ಕೊಲ್ಲಿಸುತ್ತಿದ್ದ ಕಾಲದಲ್ಲಿ ಹೀಗೆ ಬರೆದದ್ದು ಸಣ್ಣ ಮಾತಲ್ಲ. 1892ರಲ್ಲಿ, ಇನ್ನೂ ನಲವತ್ತನಾಲ್ಕರ ಆಸುಪಾಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು.

ಇಂದಿನ ವಿಜ್ಞಾನ ಈ ಲೆಕ್ಕವನ್ನು ಇನ್ನೂ ಸ್ಪಷ್ಟಗೊಳಿಸಿದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಸನ್‌ಕ್ವಿಸ್ಟ್ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಹುಲಿ 176 ಕಿಲೋಗಿಂತ ಭಾರದ ಪ್ರಾಣಿಗಳನ್ನೇ ಆರಿಸಿಕೊಂಡರೆ, ಚಿರತೆ ಮತ್ತು ಸೀಳುನಾಯಿ 30ರಿಂದ 175 ಕಿಲೋ ತೂಗುವ ಪ್ರಾಣಿಗಳತ್ತ ಗಮನವಿಟ್ಟಿದ್ದವು. ಚಿರತೆಯ ಮುಖ್ಯ ಬೇಟೆಗಳ ಸರಾಸರಿ ತೂಕ 37.6 ಕಿಲೋ. ಒಂದು ಕುರಿ, ಒಂದು ಎಳೆಗರು ಇದೇ ಅಳತೆಗೆ ಬರುತ್ತವೆಂಬುದನ್ನು ಗಮನಿಸಬೇಕು. ಬೇಟೆ ಪ್ರಾಣಿಗೆ ಕಾಲು ಮುರಿದರೆ ಉಪವಾಸವೇ ಗತಿ. ಆದುದರಿಂದ ಕಡಿಮೆ ಶ್ರಮ, ಕಡಿಮೆ ಅಪಾಯ, ಹೊಟ್ಟೆಗೆ ಸಾಕಷ್ಟು ಮಾಂಸ ಎಲ್ಲಿ ಸಿಗುವುದೋ ಅಲ್ಲಿಗೆ ಅದು ಬರುತ್ತದೆ.

ರೈತನಿಗೆ ಉಪಾಯ ಸಿಗುವುದು ಇಲ್ಲಿಯೇ. ನಮ್ಮ ಕುರಿ ಅದಕ್ಕೆ ಸುಲಭದ ತುತ್ತಾಗದಂತೆ ನೋಡಿಕೊಳ್ಳಬೇಕು.

1. ಮುಳ್ಳುಬೇಲಿಯೊಂದನ್ನೇ ನಂಬದಿರಿ. ಚಿರತೆ ಮರ ಹತ್ತಬಲ್ಲದು, ಗೋಡೆ ಹಾರಬಲ್ಲದು. ರೊಪ್ಪಕ್ಕೆ ಮೇಲ್ಗಡೆಯೂ ತಂತಿಬಲೆ ಅಥವಾ ಸೂರು ಇರಲಿ, ಬಾಗಿಲು ಭದ್ರವಾಗಿರಲಿ.

2. ಎಳೆಗರು, ಕುರಿಮರಿಗಳನ್ನು ರಾತ್ರಿ ಬಯಲಿನಲ್ಲಿ ಕಟ್ಟಬೇಡಿ.

3. ಸತ್ತ ದನ, ಕೋಳಿಗಳನ್ನು ಊರಂಚಿನಲ್ಲಿ ಎಸೆಯದೆ ಆಳವಾಗಿ ಹೂಳಿರಿ. ಕೊಳೆತ ಮಾಂಸಕ್ಕೆ ನಾಯಿಗಳು ಸೇರುತ್ತವೆ; ನಾಯಿಗಳನ್ನು ಹಿಡಿಯಲು ಚಿರತೆ ಬರುತ್ತದೆ.

4. ವಿಷ ಖಂಡಿತ ಕೂಡದು. ಅದನ್ನು ತಿಂದು ಸಾಯುವುದು ಚಿರತೆಯೊಂದೇ ಅಲ್ಲ, ನಿಮ್ಮ ನಾಯಿಯೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಶಿಕ್ಷಾರ್ಹ ಅಪರಾಧ.

5. ಸತ್ತ ಜಾನುವಾರನ್ನು ಕದಲಿಸದೆ ತಕ್ಷಣ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಿ.

ಸ್ಯಾಂಡರ್ಸನ್ ಹುಲಿಯಲ್ಲಿ ಕಂಡ ಉಪಕಾರವನ್ನು ನಾವು ನಮ್ಮ ಹೊಲದಲ್ಲಿಯೇ ಕಾಣಬಹುದು. ರಾಗಿ ಹೊಲದ ಇಲಿಯನ್ನು ಹಿಡಿಯುವ ಕೇರೆಹಾವು, ಗೂಬೆ, ಗಿಡಹೇನನ್ನು ತಿನ್ನುವ ಗುಲಗಂಜಿ ಹುಳು, ಇವೆಲ್ಲವೂ ಅದೇ ಕೆಲಸ ಮಾಡುತ್ತಿವೆ. ಕೋಲು ಎತ್ತುವ ಮೊದಲು, ಔಷಧಿ ಸಿಂಪಡಿಸುವ ಮೊದಲು, ಎದುರಿಗಿರುವ ಜೀವಿ ಏನನ್ನು ತಿಂದು ಬದುಕುತ್ತದೆಂದು ಒಮ್ಮೆ ನೋಡಿರಿ.